ಗಣಿತವೂ ಬೇಕು, ಅಕೌಂಟ್ಸೂ ಬೇಕು ಅನ್ನುವ ಮಕ್ಕಳಿಗೆ

ಕೇಳುಗರಿಗೆಲ್ಲ ನಮಸ್ಕಾರ.

ಪಿಯುಸಿ ರಿಸಲ್ಟ್ ಬಂದಿದೆ. ಮಳೆ ಹಿಡಿಯುವ ಮೊದಲೇ ಅಡ್ಮಿಷನ್ ಮುಗಿಸಿಬಿಡೋಣ ಅಂತ ಅಪ್ಪ ಅಮ್ಮಂದಿರು ಗೋಣಿಕೊಪ್ಪ, ವಿರಾಜಪೇಟೆ, ಮಡಿಕೇರಿ ಅಂತ ಓಡಾಡುವ ಸಮಯ ಇದು. ನಾನು ಪದವಿ ಕಾಲೇಜಿನಲ್ಲಿ ಗಣಿತ ಪಾಠ ಮಾಡುವವಳು. ಮನೆಯಲ್ಲಿ ನಮ್ಮ ಚಿಕ್ಕ ಕಾಫಿ ತೋಟದ ಲೆಕ್ಕ ಬರೆಯುವುದೂ ನನ್ನ ಕೆಲಸವೇ. ಅದಕ್ಕೇ ಇರಬೇಕು, ಈ ದಿನಗಳಲ್ಲಿ ಒಂದು ಪ್ರಶ್ನೆ ನನ್ನ ಹತ್ತಿರ ಬಂದೇ ಬರುತ್ತದೆ. "ಮೇಡಂ, ಮಗಳಿಗೆ ಮ್ಯಾಥ್ಸೂ ಇಷ್ಟ, ಅಕೌಂಟ್ಸೂ ಇಷ್ಟ. ಎರಡನ್ನೂ ಒಟ್ಟಿಗೆ ಓದೋಕೆ ಆಗಲ್ವಾ?"

ಆಗುತ್ತದೆ. ಆದರೆ ನಮ್ಮಲ್ಲಿ ಹತ್ತನೇ ಕ್ಲಾಸ್ ಮುಗಿದ ಕೂಡಲೇ ಮಕ್ಕಳನ್ನು ಎರಡು ಸಾಲಲ್ಲಿ ನಿಲ್ಲಿಸಿಬಿಡುತ್ತೇವೆ. ಸೈನ್ಸ್ ಈ ಕಡೆ, ಕಾಮರ್ಸ್ ಆ ಕಡೆ. ಈ ಕಡೆಯವರಿಗೆ ಡೆಬಿಟ್ ಅಂದರೆ ಏನು ಅಂತ ಗೊತ್ತಾಗುವುದಿಲ್ಲ, ಆ ಕಡೆಯವರು ಕ್ಯಾಲ್ಕುಲಸ್ ಹೆಸರು ಕೇಳಿದರೇ ಬೆವರುತ್ತಾರೆ. ಬ್ರಿಟನ್ನಿನಲ್ಲಿ ಹಾಗಿಲ್ಲ. ಅಲ್ಲಿ ಜಾಯಿಂಟ್ ಆನರ್ಸ್ ಅನ್ನುವ ಪದವಿ ಬಹಳ ಹಿಂದಿನಿಂದ ಇದೆ. ಎರಡು ವಿಷಯ, ಹೆಚ್ಚುಕಮ್ಮಿ ಅರ್ಧ ಅರ್ಧ, ಕೊನೆಗೆ ಸರ್ಟಿಫಿಕೇಟಿನಲ್ಲಿ ಎರಡರ ಹೆಸರೂ ಇರುತ್ತದೆ. ಮ್ಯಾಥಮೆಟಿಕ್ಸ್ ಅಂಡ್ ಅಕೌಂಟಿಂಗ್ ಅಂತ ತೆಗೆದುಕೊಂಡರೆ ಬೆಳಿಗ್ಗೆ ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿ, ಮಧ್ಯಾಹ್ನ ಫೈನಾನ್ಷಿಯಲ್ ಅಕೌಂಟಿಂಗ್, ಕಾಸ್ಟಿಂಗ್. ಮುಂದಿನ ವರ್ಷಗಳಲ್ಲಿ ಒಂದು ಕಡೆ ಅನಾಲಿಸಿಸ್, ಸ್ಟ್ಯಾಟಿಸ್ಟಿಕ್ಸ್, ಇನ್ನೊಂದು ಕಡೆ ಆಡಿಟ್, ತೆರಿಗೆ, ಕಂಪನಿ ಹಣಕಾಸು. ಓದಿದ ಪೇಪರ್ ನೋಡಿ ವೃತ್ತಿಪರ ಸಂಸ್ಥೆಗಳು ಕೆಲವು ಪರೀಕ್ಷೆಗಳಿಂದ ವಿನಾಯಿತಿಯನ್ನೂ ಕೊಡುತ್ತವೆ. ಎಸಿಸಿಎ ಅನ್ನುವ ಅಕೌಂಟೆಂಟರ ಸಂಸ್ಥೆಯ 13 ಪರೀಕ್ಷೆಗಳಲ್ಲಿ ಹೆಚ್ಚೆಂದರೆ 9ಕ್ಕೆ ಹೀಗೆ ವಿನಾಯಿತಿ ಸಿಗಬಹುದು, ಪದವಿಯಲ್ಲಿ ಏನೇನು ಓದಿದ್ದೀರಿ ಅನ್ನುವುದರ ಮೇಲೆ.

ಸರಿ, ಎರಡನ್ನೂ ಓದಿದರೆ ಏನು ಲಾಭ? ಕೆಲಸದ ಮಾತು ಆಮೇಲೆ. ಮೊದಲು ನಮ್ಮ ಕಣಕ್ಕೇ ಹೋಗೋಣ.

ರೊಬಸ್ಟಾ ಕಾಫಿಯ ಹಣ್ಣನ್ನು, ಅಂದರೆ ಚೆರಿಯನ್ನು, ಒಣಗಿಸಿ ಮಾರುವವರಿಗೆಲ್ಲ ಒಟಿ ಗೊತ್ತು. 50 ಕೆಜಿ ಚೀಲದಿಂದ ಎಷ್ಟು ಕೆಜಿ ಬೇಳೆ, ಅಂದರೆ ಸಿಪ್ಪೆ ಬಿಡಿಸಿದ ಬೀಜ, ಬರುತ್ತದೆ ಅನ್ನುವ ಲೆಕ್ಕ, ಅದೇ ಔಟ್‌ಟರ್ನ್. ವ್ಯಾಪಾರಿ ಚೀಲದಿಂದ ಸ್ಯಾಂಪಲ್ ತೆಗೆಯುತ್ತಾನೆ. 100 ಗ್ರಾಂ ಅಂದುಕೊಳ್ಳಿ. ಸಿಪ್ಪೆ ಬಿಡಿಸಿ ತೂಕ ಹಾಕಿದಾಗ 52 ಗ್ರಾಂ ಬೇಳೆ ಬಂದರೆ 26 ಒಟಿ. ಒಂದು ಒಟಿ ಪಾಯಿಂಟಿಗೆ, ಸುಮ್ನೆ ಉದಾಹರಣೆಗೆ, 400 ರೂಪಾಯಿ ಅಂತಿಟ್ಟರೆ ಚೀಲಕ್ಕೆ 10,400. ಅಕೌಂಟ್ಸ್ ಓದಿದವರು ಇದನ್ನು ಸರಿಯಾಗಿ ಬರೆಯುತ್ತಾರೆ. ಯಾವ ತಾರೀಕಿಗೆ ಮಾರಾಟ ಅಂತ ಹಾಕಬೇಕು, ಮೊದಲೇ ತೆಗೆದುಕೊಂಡ ಅಡ್ವಾನ್ಸನ್ನು ಎಲ್ಲಿ ಕಳೆಯಬೇಕು, ಕಣದಲ್ಲಿ ಉಳಿದ ಚೀಲಗಳಿಗೆ ಮಾರ್ಚ್ 31ಕ್ಕೆ ಏನು ಬೆಲೆ ಕಟ್ಟಬೇಕು, ಎಲ್ಲ ಗೊತ್ತು ಅವರಿಗೆ.

ಗಣಿತ ಓದಿದವರು ಆ ತಕ್ಕಡಿಯ ಹತ್ತಿರವೇ ನಿಂತುಬಿಡುತ್ತಾರೆ. 52 ಗ್ರಾಂ ಬದಲು 51 ಬಂದಿದ್ದರೆ? ಒಂದು ಗ್ರಾಂ ಅಂದರೆ ಅರ್ಧ ಪಾಯಿಂಟ್. ಚೀಲಕ್ಕೆ 200 ರೂಪಾಯಿ, ನೂರು ಚೀಲಕ್ಕೆ 20,000. ಒಂದು ಹಿಡಿ ಕಾಯಿ ಮೇಲೆ ಇಷ್ಟು ದುಡ್ಡು ನಿಂತಿದೆ ಅಂದಮೇಲೆ ಆ ಹಿಡಿಯನ್ನು ಎಷ್ಟು ನಂಬಬಹುದು? ಸ್ಟ್ಯಾಟಿಸ್ಟಿಕ್ಸ್ ಇದಕ್ಕೆ ಉತ್ತರ ಕೊಡುತ್ತದೆ. ಬೇರೆಬೇರೆ ಚೀಲಗಳಿಂದ, ಮೇಲಿನಿಂದ ತಳದಿಂದ ತೆಗೆದ ನಾಲ್ಕು ಪಟ್ಟು ಸ್ಯಾಂಪಲ್‌ನಿಂದ ಏರುಪೇರು ನಾಲ್ಕನೇ ಒಂದು ಭಾಗಕ್ಕೆ ಇಳಿಯುವುದಿಲ್ಲ, ಅರ್ಧಕ್ಕೆ ಇಳಿಯುತ್ತದೆ. ವರ್ಗಮೂಲದ ಆಟ ಅದು. ನಾಲ್ಕು ಸಲ ಸಿಪ್ಪೆ ಬಿಡಿಸುವ ತಾಳ್ಮೆ ವ್ಯಾಪಾರಿಗೆ ಇರುತ್ತದೋ ಇಲ್ಲವೋ, ಅದು ಬೇರೆ ವಿಷಯ.

ಇನ್ನೊಂದು ಉದಾಹರಣೆ. ಇದು ನನಗೆ ತುಂಬ ಇಷ್ಟ. ಒಂದು ಕಾಫಿ ಗಿಡ ವರ್ಷಕ್ಕೆ 100 ರೂಪಾಯಿ ಲಾಭ ಕೊಡುತ್ತದೆ, ಎಂದೆಂದಿಗೂ ಕೊಡುತ್ತಲೇ ಇರುತ್ತದೆ ಅಂದುಕೊಳ್ಳಿ. ಸಾಯುವುದೇ ಇಲ್ಲ, ಕಾಂಡಕೊರಕದ ಕಾಟವೂ ಇಲ್ಲ. ಅಂಥ ಗಿಡಕ್ಕೆ ಇವತ್ತು ಎಷ್ಟು ಬೆಲೆ? ಎಂದೆಂದಿಗೂ ದುಡ್ಡು ಬರುತ್ತದಲ್ವಾ, ಬೆಲೆ ಕಟ್ಟೋಕೆ ಆಗಲ್ಲ ಅಂತ ಮಕ್ಕಳು ಹೇಳುತ್ತಾರೆ. ಆದರೆ ಮುಂದಿನ ವರ್ಷದ 100 ರೂಪಾಯಿ ಇವತ್ತಿನ 100 ರೂಪಾಯಿಗೆ ಸಮ ಅಲ್ಲ. ಶೇಕಡಾ 8 ಬಡ್ಡಿ ಲೆಕ್ಕದಲ್ಲಿ ಅದು ಇವತ್ತಿನ ಸುಮಾರು 92 ರೂಪಾಯಿ 59 ಪೈಸೆ. ಹತ್ತು ವರ್ಷ ಬಿಟ್ಟು ಬರುವ ನೂರು ಇವತ್ತಿನ 46 ರೂಪಾಯಿ ಚಿಲ್ಲರೆ. ನಲವತ್ತು ವರ್ಷ ಬಿಟ್ಟು ಬರುವುದು ಐದು ರೂಪಾಯಿಯೂ ಅಲ್ಲ. ಹೀಗೆ ಕೊನೆಯೇ ಇಲ್ಲದೆ ಕೂಡಿಸುತ್ತಾ ಹೋದರೆ ಮೊತ್ತ 1,250ರ ಹತ್ತಿರ ಹತ್ತಿರ ಹೋಗುತ್ತದೆ, ಅದನ್ನು ದಾಟುವುದೇ ಇಲ್ಲ. ಅದರಲ್ಲೂ ಮೊದಲ 30 ವರ್ಷದ್ದೇ ಸುಮಾರು 1,126. ಇಷ್ಟು ಗಣಿತದ ಕ್ಲಾಸು. ಜಿಯೊಮೆಟ್ರಿಕ್ ಸೀರೀಸ್ ಅಂತ ಪಿಯುಸಿಯಲ್ಲೇ ಓದಿರುತ್ತಾರೆ, ಯಾಕೆ ಹೀಗೆ ಒಂದು ಕಡೆ ನಿಲ್ಲುತ್ತದೆ ಅನ್ನುವುದನ್ನು ಡಿಗ್ರಿಯಲ್ಲಿ ಸಾಧಿಸುತ್ತಾರೆ.

ಈಗ ಅಕೌಂಟ್ಸ್ ಮೇಷ್ಟ್ರು ಬಂದು ಕೇಳುತ್ತಾರೆ, "ಆ 8 ಎಲ್ಲಿಂದ ಬಂತು?" 5 ಇಟ್ಟರೆ ಅದೇ ಗಿಡಕ್ಕೆ 2,000. 10 ಇಟ್ಟರೆ 1,000. ಗಿಡ ಅದೇ, ಫಸಲು ಅದೇ, ಬೆಲೆ ಅರ್ಧ. ಗಣಿತ ನಾವು ಕೊಟ್ಟ 8ನ್ನು ಹಾಗೇ ತೆಗೆದುಕೊಂಡು ಮುಂದೆ ಹೋಗುತ್ತದೆ, ಎಲ್ಲೂ ತಪ್ಪುವುದಿಲ್ಲ. ಅದನ್ನು ಯಾರು ಆರಿಸಿದರು, ಯಾಕೆ ಆರಿಸಿದರು, ಸಾಲ ಕೊಡುವ ಬ್ಯಾಂಕಿನವರಿಗೆ ಹೇಗೆ ಸಮರ್ಥಿಸುತ್ತೀರಿ, ಕಳೆದ ವರ್ಷ ಬೇರೆ ಇಟ್ಟಿದ್ದರಲ್ಲ ಅಂತ ಕೇಳುವುದು ಅಕೌಂಟಿಂಗ್. ಇದು ಬರೀ ಕ್ಲಾಸ್‌ರೂಮಿನ ಕಥೆಯೂ ಅಲ್ಲ. ಇಂಡ್ ಎಎಸ್ ಅನ್ನುವ ಲೆಕ್ಕಪತ್ರ ನಿಯಮ ಪಾಲಿಸುವ ದೊಡ್ಡ ಕಂಪನಿಗಳಿಗೆ ಕಾಫಿ ಗಿಡ ಒಂದು ಬೇರರ್ ಪ್ಲಾಂಟ್, ಅಂದರೆ ಯಂತ್ರದ ಹಾಗೆ ವರ್ಷವರ್ಷ ಸವಕಳಿ ತೆಗೆಯುವ ಆಸ್ತಿ. ಆದರೆ ಅದೇ ಗಿಡದ ಮೇಲೆ ಬೆಳೆಯುತ್ತಿರುವ ಕಾಯಿಗೆ ನಿಯಮ ಬೇರೆ. ಅದನ್ನು ನ್ಯಾಯಯುತ ಬೆಲೆಯಲ್ಲಿ, ಮಾರುವ ಖರ್ಚು ಕಳೆದು ತೋರಿಸಬೇಕು. ಗಿಡಕ್ಕೆ ಒಂದು ರೂಲ್, ಗಿಡದ ಮೇಲಿನ ಕಾಯಿಗೆ ಒಂದು ರೂಲ್! ಮೊದಲ ಸಲ ಓದಿದಾಗ ನಗು ಬರುತ್ತದೆ. ಕೂತು ಯೋಚನೆ ಮಾಡಿದರೆ ಅದರಲ್ಲಿ ಅರ್ಥ ಇದೆ ಅನಿಸುತ್ತದೆ.

ತೋಟದ ಲೆಕ್ಕ ಬರೆಯುವ ರೈಟರುಗಳು ಈ ಮಾತು ಕೇಳುತ್ತಿದ್ದರೆ ಅವರಿಗೆ ಇದು ಗೊತ್ತಿರುತ್ತದೆ: ಚೆಕ್‌ರೋಲ್, ಅಂದರೆ ಆಳುಗಳ ಕೂಲಿ ಪಟ್ಟಿಯ, ಮೊತ್ತಕ್ಕೂ ಕ್ಯಾಶ್ ಬುಕ್ಕಿಗೂ ತಾಳೆ ಬರದಿದ್ದರೆ ಮೊದಲು ವ್ಯತ್ಯಾಸ 9ರಿಂದ ಭಾಗ ಹೋಗುತ್ತದಾ ನೋಡಬೇಕು. 5,430 ಬರೆಯುವ ಕಡೆ 5,340 ಬರೆದರೆ ವ್ಯತ್ಯಾಸ 90. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದಾಗ ವ್ಯತ್ಯಾಸ ಯಾವಾಗಲೂ 9ರ ಮಗ್ಗಿಯಲ್ಲೇ ಬರುತ್ತದೆ. ಯಾಕೆ? ಹತ್ತರ ಸ್ಥಾನದ ಅಂಕಿ ಬಿಡಿ ಸ್ಥಾನಕ್ಕೆ ಬಂದರೆ ಅದರ ಒಂಬತ್ತು ಪಟ್ಟು ಕಳೆಯುತ್ತದೆ, ಬಿಡಿ ಸ್ಥಾನದ್ದು ಹತ್ತಕ್ಕೆ ಏರಿದರೆ ಅದರ ಒಂಬತ್ತು ಪಟ್ಟು ಸೇರುತ್ತದೆ, ಅಷ್ಟೇ. ಕಾಮರ್ಸ್ ಮಕ್ಕಳು ಇದನ್ನು ಉಪಾಯ ಅಂತ ಬಾಯಿಪಾಠ ಮಾಡುತ್ತಾರೆ. ಸೈನ್ಸ್ ಮಕ್ಕಳು ಎರಡು ಸಾಲಿನಲ್ಲಿ ಸಾಧಿಸುತ್ತಾರೆ, ಆದರೆ ಅದು ಯಾವ ಕೆಲಸಕ್ಕೆ ಬರುತ್ತದೆ ಅಂತ ಗೊತ್ತಿರುವುದಿಲ್ಲ. ಇನ್ನೂ ಒಂದು ಇದೆ. ಗೊಬ್ಬರದ ಖರ್ಚನ್ನು ಕಟ್ಟಡದ ಖಾತೆಗೆ ಹಾಕಿಬಿಟ್ಟರೆ ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲ ಖಾತೆಗಳ ಡೆಬಿಟ್ ಕ್ರೆಡಿಟ್ ಮೊತ್ತ, ಚೆನ್ನಾಗಿ ತಾಳೆಯಾಗುತ್ತದೆ, ಪೈಸೆ ವ್ಯತ್ಯಾಸ ಇರುವುದಿಲ್ಲ, ಆದರೆ ಆ ವರ್ಷದ ಲಾಭ ಸುಳ್ಳು. ಕೂಡಿಸುವುದರಲ್ಲಿ ತಪ್ಪಿಲ್ಲ ಅಂದಮಾತ್ರಕ್ಕೆ ಲೆಕ್ಕ ನಿಜ ಅಂತಲ್ಲ. ಗಣಿತದಲ್ಲಿ ಜಾಣರಾದ ಮಕ್ಕಳಿಗೆ ಇದು ತಲೆಗೆ ಹೋಗಲು ಸ್ವಲ್ಪ ಸಮಯ ಬೇಕಾಗುತ್ತದೆ.

ಎರಡೂ ಓದುವವರಿಗೆ ಒಂದು ದಿನ ಒಂದು ಮಜಾ ಸಿಗುತ್ತದೆ, ಅದನ್ನು ಹೇಳದೆ ಬಿಡಲಾರೆ. ಆಲ್ಜೀಬ್ರಾ ಕ್ಲಾಸಿನಲ್ಲಿ ಋಣಸಂಖ್ಯೆಗಳನ್ನು ಹೇಗೆ ಕಟ್ಟುವುದು ಅಂತ ಪಾಠ ಬರುತ್ತದೆ. ಮೈನಸ್ ಅನ್ನುವುದೇ ಗೊತ್ತಿಲ್ಲ ಅಂದುಕೊಂಡು ಸಂಖ್ಯೆಗಳ ಜೋಡಿಗಳನ್ನು ಇಟ್ಟುಕೊಳ್ಳುವುದು. 500 ಮತ್ತು 300ರ ಜೋಡಿ, 700 ಮತ್ತು 500ರ ಜೋಡಿ, ಎರಡೂ ಒಂದೇ ಅಂತ ಒಪ್ಪಿಕೊಳ್ಳುವುದು, ಯಾಕೆಂದರೆ ಎರಡರಲ್ಲೂ ಎಡಗಡೆ 200 ಜಾಸ್ತಿ. ಕೂಡಿಸಬೇಕಾದರೆ ಎಡಕ್ಕೆ ಎಡ, ಬಲಕ್ಕೆ ಬಲ. ಬಿಎಸ್‌ಸಿ ಮಕ್ಕಳು ಇದನ್ನು ಕೇಳಿ ಹುಬ್ಬು ಗಂಟಿಕ್ಕುತ್ತಾರೆ. ಅಕೌಂಟ್ಸ್ ಓದಿದವರು ನೋಡಿದ ತಕ್ಷಣ ಅಂದುಬಿಡುತ್ತಾರೆ, ಇದು ನಮ್ಮ ಲೆಡ್ಜರ್ ಖಾತೆ ಅಲ್ವಾ! ಎಡಗಡೆ ಡೆಬಿಟ್, ಬಲಗಡೆ ಕ್ರೆಡಿಟ್, ಉಳಿದದ್ದು ಬ್ಯಾಲೆನ್ಸ್. ಹೌದು, ಅದೇ. ಮ್ಯಾಟ್ರಿಕ್ಸ್ ಓದಿದವರಿಗೆಲ್ಲ ಕೇಲಿ-ಹ್ಯಾಮಿಲ್ಟನ್ ಪ್ರಮೇಯ ಗೊತ್ತು. ಆ ಆರ್ಥರ್ ಕೇಲಿ 1894ರಲ್ಲಿ, ತಾನು ತೀರಿಕೊಳ್ಳುವ ಹಿಂದಿನ ವರ್ಷ, ಪ್ರತಿ ವ್ಯವಹಾರವನ್ನೂ ಡೆಬಿಟ್, ಕ್ರೆಡಿಟ್ ಎರಡೂ ಕಡೆ ಬರೆಯುವ ಡಬಲ್ ಎಂಟ್ರಿ ಬುಕ್‌ಕೀಪಿಂಗ್ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದ. ಗಣಿತದ ಕಣ್ಣಲ್ಲಿ ಇದು ಪರಿಪೂರ್ಣವಾದ ಸಿದ್ಧಾಂತ, ಅತಿ ಸರಳವಾಗಿದೆ ಅನ್ನುವುದೊಂದೇ ಇದರ ಸ್ವಾರಸ್ಯ ಕಡಿಮೆ ಮಾಡುತ್ತದೆ ಅಂತ ಅದರಲ್ಲಿ ಹೇಳಿದ್ದಾನೆ. ಜರ್ನಲ್ ಎಂಟ್ರಿ ಬರೆದು ಬರೆದು ಸುಸ್ತಾದ ಬಿಕಾಂ ಮಕ್ಕಳು ಸರಳ ಅನ್ನುವ ಮಾತನ್ನು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ!

ಹಿಂದೆ ಇವು ಬೇರೆಬೇರೆ ಇರಲೂ ಇಲ್ಲ. 1494ರಲ್ಲಿ ವೆನಿಸ್‌ನಲ್ಲಿ ಲೂಕಾ ಪಚೋಲಿ ಅನ್ನುವ ಗಣಿತಜ್ಞ ಡಬಲ್ ಎಂಟ್ರಿ ಪದ್ಧತಿಯನ್ನು ಅಚ್ಚು ಹಾಕಿಸಿದ್ದು ಒಂದು ಗಣಿತದ ಪುಸ್ತಕದ ಒಳಗೇ. ಅವನಿಗಿಂತ ಸುಮಾರು ಆರು ನೂರು ವರ್ಷ ಮೊದಲು, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ನಮ್ಮ ಮಹಾವೀರಾಚಾರ್ಯ ಗಣಿತದ ಜೊತೆಜೊತೆಗೇ ಬಡ್ಡಿ ಲೆಕ್ಕ, ಪಾಲುದಾರರಿಗೆ ಲಾಭ ಹಂಚುವ ಲೆಕ್ಕ ಬರೆದಿಟ್ಟ. ಆಮೇಲೆ ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಅಂಥ ವ್ಯವಹಾರದ ಗಣಿತವನ್ನು ಕನ್ನಡದಲ್ಲೇ ಬರೆದ.

ಕಷ್ಟ ಇಲ್ಲವಾ ಅಂತ ಕೇಳಿದರೆ, ಇದೆ. ಜಂಟಿ ಪದವಿಯಲ್ಲಿ ಎರಡು ವಿಷಯದ ಕೆಲಸವೂ ಒಂದೇ ವಾರದಲ್ಲಿ ತಲೆ ಮೇಲೆ ಬೀಳುತ್ತದೆ. ಗಣಿತದ ಒಂದು ಪ್ರಶ್ನೆಗೆ ಮೂರು ದಿನ ಖಾಲಿ ಹಾಳೆ ನೋಡುತ್ತಾ ಕೂರಬೇಕಾಗುತ್ತದೆ, ಅಕೌಂಟ್ಸಿಗೆ ಕೂತ ಕಡೆ ಕೂತು ಎರಡು ಗಂಟೆ ಬರೆಯಲೇಬೇಕು, ಕೈ ಓಡಬೇಕು. ಅಭ್ಯಾಸದ ರೀತಿಯೇ ಬೇರೆ. ಎರಡರಲ್ಲೂ ಕೆಲವು ಪೇಪರ್ ಬಿಟ್ಟುಹೋಗುತ್ತವೆ. ಮುಂದೆ ಗಣಿತದಲ್ಲೇ ಸಂಶೋಧನೆ ಮಾಡಬೇಕು ಅನ್ನುವ ಮಗುವಿಗೆ ನಾನು ಈ ದಾರಿ ಹೇಳುವುದಿಲ್ಲ, ಪೂರ್ತಿ ಗಣಿತವೇ ಓದಲಿ. ಯಾವುದು ಬೇಕು ಅಂತ ಗೊತ್ತಾಗುತ್ತಿಲ್ಲ, ಅದಕ್ಕೇ ಎರಡೂ ಇರಲಿ ಅನ್ನುವವರಿಗೂ ಹೇಳುವುದಿಲ್ಲ. ಗೊಂದಲ ಕಡಿಮೆಯಾಗಲ್ಲ, ಡಬಲ್ ಆಗುತ್ತದೆ. 8 ಬಂದ ದಾರಿಯೂ ಬೇಕು, 1,250 ಬಂದ ದಾರಿಯೂ ಬೇಕು ಅಂತ ಹಟ ಮಾಡುವ ಮಕ್ಕಳಿದ್ದಾರಲ್ಲ, ಅವರಿಗೆ ಇದು.

ಇನ್ನು ನಮ್ಮ ಮಕ್ಕಳು ಇಲ್ಲೇ ಇದ್ದುಕೊಂಡು ಏನು ಮಾಡಬಹುದು? ಹತ್ತನೇ ಕ್ಲಾಸ್ ಮುಗಿಸಿದವರು ಒಂದು ಗಮನಿಸಿ. ಕಾಮರ್ಸ್ ಕಾಂಬಿನೇಷನ್ನಿನಲ್ಲಿ ಬರುವ ಬೇಸಿಕ್ ಮ್ಯಾಥ್ಸ್ ಬೇರೆ, ಸೈನ್ಸಿನ ಮ್ಯಾಥಮೆಟಿಕ್ಸ್ ಬೇರೆ. ಡಿಗ್ರಿಯಲ್ಲಿ ಗಣಿತ ಮೇಜರ್ ಬೇಕು ಅನ್ನುವವರು ತಮ್ಮ ಕಾಲೇಜು ಯಾವುದನ್ನು ಕೇಳುತ್ತದೆ ಅಂತ ಮೊದಲೇ ವಿಚಾರಿಸಬೇಕು. ಡಿಗ್ರಿಯ ವಿಷಯಕ್ಕೆ ಬಂದರೆ ನಮ್ಮ ರಾಜ್ಯದಲ್ಲಿ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ, ಅಂದರೆ ಎನ್‌ಇಪಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ವಾಪಸ್ ಹೋದೆವು. ಅಣ್ಣ ಓದಿದ ಸಿಲೆಬಸ್ ತಂಗಿಗೆ ಇಲ್ಲ. ಹಾಗಾಗಿ ಪಕ್ಕದ ಮನೆಯವರ ಮಾತು ಕೇಳಿ ಸೇರಿಸಬೇಡಿ.

ಒಂದು ದಾರಿಯಂತೂ ತೆರೆದಿದೆ. ಒಂದೇ ಸಮಯದಲ್ಲಿ ಎರಡು ಪದವಿ ಓದಬಹುದು ಅಂತ ಯುಜಿಸಿ, ಅಂದರೆ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಕೇಂದ್ರದ ಆಯೋಗ, 2022ರ ಏಪ್ರಿಲ್‌ನಲ್ಲಿ ಹೇಳಿದೆ. ಎರಡೂ ಕಾಲೇಜಿಗೆ ಹೋಗಿ ಓದುವಂಥವಾದರೆ ಕ್ಲಾಸಿನ ಸಮಯ ಒಂದಕ್ಕೊಂದು ಅಡ್ಡ ಬರಬಾರದು. ಇಲ್ಲದಿದ್ದರೆ ಒಂದು ಕಾಲೇಜಿನಲ್ಲಿ, ಇನ್ನೊಂದು ದೂರಶಿಕ್ಷಣದಲ್ಲಿ. ಅಂದರೆ ಹಗಲು ಗಣಿತ ಇರುವ ಬಿಎಸ್‌ಸಿ, ಮನೆಯಲ್ಲಿ ಕೂತು ಬಿಕಾಂ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ನಮಗೇನೂ ದೂರ ಅಲ್ಲ. ಎರಡೂ ಕಡೆಯ ಆಫೀಸಿನಲ್ಲಿ ಮೊದಲೇ ಕೇಳಿಕೊಳ್ಳಿ, ಬಾಯಿಮಾತಲ್ಲಿ ಬೇಡ, ಬರೆದು ಕೊಟ್ಟರೆ ಒಳ್ಳೆಯದು.

ಬಿಎಸ್‌ಸಿ ಓದಿದರೆ ಸಿಎ ಮಾಡೋಕೆ ಆಗಲ್ಲ ಅಂತ ತುಂಬ ಜನ ತಿಳಿದುಕೊಂಡಿದ್ದಾರೆ. ಹಾಗೇನಿಲ್ಲ. ಪಿಯುಸಿ ಆದಮೇಲೆ ಯಾವ ವಿಭಾಗದವರೂ ಸಿಎಯ ಮೊದಲ ಹಂತವಾದ ಫೌಂಡೇಷನ್ ಬರೆಯಬಹುದು, ಅದರಲ್ಲಿ ಗಣಿತ ಮತ್ತು ಸ್ಟ್ಯಾಟಿಸ್ಟಿಕ್ಸಿನ ಒಂದು ಪೇಪರ್ರೇ ಇದೆ. ಪದವಿ ಮುಗಿಸಿದವರು ನೇರವಾಗಿ ಎರಡನೇ ಹಂತದ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಕಾಮರ್ಸ್‌ನವರಿಗೆ ಶೇಕಡಾ 55, ಉಳಿದವರಿಗೆ ಶೇಕಡಾ 60 ಅಂಕ ಬೇಕು. ಆರ್ಟಿಕಲ್‌ಶಿಪ್, ಅಂದರೆ ಸಿಎ ಆಫೀಸಿನಲ್ಲಿ ಕೆಲಸ ಕಲಿಯುವುದು, ಮೊದಲು ಮೂರು ವರ್ಷ ಇತ್ತು, ಈಗ ಎರಡು.

ಆದರೆ ಈ ಎರಡು ವಿಷಯಕ್ಕೂ ನಿಜವಾಗಿ ಹೊಂದುವ ಕೆಲಸ ಅಂದರೆ ಆಕ್ಚುಯರಿ. ಹೆಸರು ಕೇಳಿದವರೇ ಕಡಿಮೆ. ವಿಮೆಗೆ ಎಷ್ಟು ಪ್ರೀಮಿಯಂ, ಪಿಂಚಣಿಗೆ ಇವತ್ತು ಎಷ್ಟು ಎತ್ತಿಡಬೇಕು ಅಂತ ಹೇಳುವವರು ಅವರು. ಆಗ ಗಿಡದ ಬೆಲೆ ಕಟ್ಟಿದೆವಲ್ಲ, ಅದೇ ಲೆಕ್ಕಕ್ಕೆ ಮನುಷ್ಯ ಎಷ್ಟು ವರ್ಷ ಬದುಕುವ ಸಂಭವ ಇದೆ ಅನ್ನುವುದನ್ನೂ ಸೇರಿಸಿದರೆ ಅವರ ಕೆಲಸದ ಒಂದು ದೊಡ್ಡ ಭಾಗ ಆಯಿತು. ಇದಕ್ಕೆ ಏಸೆಟ್ ಅಂತ ಪ್ರವೇಶ ಪರೀಕ್ಷೆ ಇದೆ, ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾ ನಡೆಸುತ್ತದೆ. ಪರೀಕ್ಷೆಗಳು ಗಟ್ಟಿ, ಕೆಲಸ ಮಾಡುತ್ತಾ ಒಂದೊಂದೇ ಪಾಸು ಮಾಡುತ್ತಾ ಹೋಗುವವರೇ ಜಾಸ್ತಿ. ಪಿಯುಸಿ ಮುಗಿದ ಮಕ್ಕಳು ಏಸೆಟ್ ಬರೆದು ನೋಡಬಹುದು, ಪದವಿ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಹಳೆಯ ಪ್ರಶ್ನೆಪತ್ರಿಕೆ ಒಂದನ್ನು ತೆಗೆದುಕೊಂಡು ಈ ಭಾನುವಾರವೇ ಕೂರಿಸಿ. ಅದರ ಗಣಿತ ನೋಡಿ ಮಗಳ ಮುಖ ಅರಳಿತಾ, ಗಂಟಾಯಿತಾ ಅನ್ನುವುದನ್ನು ಕೌನ್ಸೆಲಿಂಗಿಗೆ ಕರೆದುಕೊಂಡು ಹೋಗುವ ಮೊದಲು ನೀವೇ ನೋಡಿಕೊಳ್ಳಬಹುದು.

ನಮಸ್ಕಾರ.