ಕ್ಯಾಮೆರಾಗೂ ಒಂದು ಟೇಪ್ ಬೇಕು

ನಮಸ್ಕಾರ. ರಾಯಚೂರಿನಲ್ಲಿ ಸಿಸಿ ಕ್ಯಾಮೆರಾ ಹಾಕೋದು ನನ್ನ ಕೆಲಸ. ಮೊನ್ನೆ ಎಪಿಎಂಸಿ ಯಾರ್ಡ್‌ನಲ್ಲಿ ಒಂದು ಭತ್ತದ ಅಂಗಡಿಗೆ ಹಾಕಿದೆವು. ಲಾರಿ ಎಷ್ಟುದ್ದ, ಎಲ್ಲಿ ನಿಲ್ಲಿಸಬಹುದು ಅಂತ ಚಿತ್ರ ನೋಡಿಯೇ ಹೇಳೋ ಸಾಫ್ಟ್‌ವೇರ್ ಅದು. ಅಳತೆ ತಾನೇ ಕಂಡುಕೊಳ್ಳುತ್ತೆ, ಟೇಪ್ ಹಿಡಿಯೋದೇ ಬೇಡ ಅಂದಿದ್ದರು ಮಾರಿದವರು.

ಎರಡು ದಿನ ಬಿಟ್ಟು ನೋಡಿದರೆ 22 ಅಡಿ ಲಾರಿಗೆ 27 ಅಡಿ ತೋರಿಸುತ್ತಿದೆ!

ವಿದ್ಯೆ ಸುಳ್ಳಲ್ಲ. ನಮ್ಮ ಸ್ಟೇಷನ್‌ನಲ್ಲಿ ನಿಂತು ನೋಡಿ, ಹಳಿಗಳು ದೂರದಲ್ಲಿ ಕೂಡಿದ ಹಾಗೆ ಕಾಣುತ್ತವೆ ಅಲ್ವಾ? ಗೋದಾಮಿನ ಗೋಡೆ, ಶಟರ್ ಗೆರೆಗಳೂ ಹಾಗೇ. ಒಂದಕ್ಕೊಂದು ಲಂಬವಾದ ಎರಡು ದಿಕ್ಕಿನ ಗೆರೆಗಳು ಎಲ್ಲಿ ಕೂಡುತ್ತವೆ ಅಂತ ಗೊತ್ತಾದರೆ, ಲೆನ್ಸಿನ ಫೋಕಲ್ ಲೆಂಗ್ತೂ (ದೃಶ್ಯವನ್ನು ಎಷ್ಟು ಹತ್ತಿರಕ್ಕೆ ಎಳೆದು ತೋರಿಸುತ್ತೆ ಅನ್ನೋದು) ಕ್ಯಾಮೆರಾ ಎಷ್ಟು ಬಾಗಿದೆ ಅನ್ನೋದೂ ಲೆಕ್ಕಕ್ಕೆ ಸಿಗುತ್ತವೆ. ಇದನ್ನೇ ಕಂಡುಕೊಳ್ಳೋಕೆ 2000ರಲ್ಲಿ ಜೆಂಗ್ಯೂ ಜಾಂಗ್ ಅನ್ನೋ ಸಂಶೋಧಕ ಪ್ರಕಟಿಸಿದ ಇನ್ನೊಂದು ವಿಧಾನದಲ್ಲಿ ಚೌಕುಳಿ ಹಲಗೆಯನ್ನು ಬೇರೆ ಬೇರೆ ಕೋನದಲ್ಲಿ ಹಿಡಿದು ತೋರಿಸಬೇಕು. ಕಂಬದ ಮೇಲಿನ ಕ್ಯಾಮೆರಾಗೆ, ನಡುರಸ್ತೆಯಲ್ಲಿ ನಿಂತು ಯಾರು ತೋರಿಸಬೇಕು?

ಆದರೆ ಗೆರೆಗಳಿಂದ ಆಕಾರ ಸಿಗುತ್ತೆ, ಅಡಿ ಲೆಕ್ಕ ಸಿಗಲ್ಲ. ಅದಕ್ಕೆ ಉದ್ದ ಗೊತ್ತಿರೋ ಒಂದು ವಸ್ತು ಬೇಕೇ ಬೇಕು. ಹಳಿ ಇದ್ದರೆ ಸುಲಭ, ಬ್ರಾಡ್‌ಗೇಜ್ ಅಂದರೆ 1676 ಮಿಲಿಮೀಟರ್. ಯಾರ್ಡ್‌ನಲ್ಲಿ ಹಳಿ ಎಲ್ಲಿಂದ ಬರಬೇಕು? ಹಾಗಾಗಿ ಈ ಸಾಫ್ಟ್‌ವೇರ್ ನಡೆದಾಡೋ ಜನರ ಎತ್ತರವನ್ನೇ ಅಳತೆಗೋಲಾಗಿ ಹಿಡಿಯುತ್ತೆ: ಎಲ್ಲರೂ ನೆಟ್ಟಗೆ ನಡೀತಾರೆ, ಸರಾಸರಿ ಐದೂವರೆ ಅಡಿ ಅಂತ.

ನಮ್ಮ ಹಮಾಲರು ನೆಟ್ಟಗೆ ನಡೀತಾರಾ? ಬೆನ್ನ ಮೇಲೆ ಭತ್ತದ ಚೀಲ, ಸೊಂಟ ಬಗ್ಗಿದೆ, ಕಣ್ಣು ನೆಲದ ಮೇಲೆ. ಚೀಲ ಸೇರಿಸಿದರೂ ನಾಲ್ಕೂವರೆ ಅಡಿ ಆದರೆ ಜಾಸ್ತಿ. ಅದನ್ನೇ ಐದೂವರೆ ಅಂದುಕೊಂಡರೆ ಲಾರಿ ಬೆಳೆಯದೇ ಇರುತ್ತಾ? ತಲೆ ಮೇಲೆ ಬುಟ್ಟಿ ಹೊತ್ತ ಹೆಂಗಸರೇ ಜಾಸ್ತಿ ಓಡಾಡೋ ಕಡೆಯಾದರೆ ಉಲ್ಟಾ, ಲಾರಿ ಗಿಡ್ಡ.

ಆಟೋಮ್ಯಾಟಿಕ್ ಬೇಡ ಅನ್ನುತ್ತಿಲ್ಲ. ಗಾಳಿಗೆ ಕ್ಯಾಮೆರಾ ಸ್ವಲ್ಪ ತಿರುಗಿದರೂ ಗೆರೆ ನೋಡಿ ಅದೇ ಸರಿಮಾಡಿಕೊಳ್ಳುತ್ತೆ, ಅದು ದೊಡ್ಡ ಅನುಕೂಲ. ಟೇಪ್ ಬೇಡ ಅಂತ ಮಾರೋದಕ್ಕೆ ಮಾತ್ರ ನನ್ನ ತಕರಾರು. ಇದೇ ಲೆಕ್ಕ ಹಿಡಿದು ನಾಳೆ ರಸ್ತೆಯಲ್ಲಿ ಸ್ಪೀಡ್ ಅಳೆದು ದಂಡ ಹಾಕಿದರೆ?

ಕೊನೆಗೆ ಶಟರ್ ಅಗಲ ಟೇಪಿನಲ್ಲಿ ಅಳೆದೆವು. ಸರಿಯಾಗಿ ಹತ್ತು ಅಡಿ. ಅದನ್ನು ಕೊಟ್ಟ ಮೇಲೆ ಲಾರಿ 22ಕ್ಕೆ ಬಂತು. ಅಂಗಡಿ ಸಾಹುಕಾರ್ರು ನೋಡ್ತಾ ನಿಂತಿದ್ದರು. 'ಐದು ನಿಮಿಷದ ಕೆಲಸ. ಮತ್ತೆ ಆಟೋಮ್ಯಾಟಿಕ್ ಅಂತ ದುಡ್ಡು ಜಾಸ್ತಿ ತಗೊಂಡ್ರಲ್ಲ?' ಅಂದರು. ಸುಮ್ನೆ ಏಣಿ ಮಡಚಿದೆ.