ಕಪಾಟಿನ ಬೀಗದ ಕೈ

ಕೇಳುಗರಿಗೆ ನಮಸ್ಕಾರ.

ಶಾಲೆಯ ಮಕ್ಕಳು ಯಾರ ಒತ್ತಾಯವೂ ಇಲ್ಲದೆ, ತಾವಾಗಿಯೇ ಪುಸ್ತಕ ಹಿಡಿದು ಕುಳಿತುಕೊಳ್ಳುವಂತಾಗಲು ದೊಡ್ಡವರು ಏನು ಮಾಡಬೇಕು, ಏನು ಮಾಡಬಾರದು ಎಂಬ ಬಗ್ಗೆ ಇಂದು ಕೆಲವು ಮಾತುಗಳನ್ನು ಹೇಳಲಿದ್ದೇನೆ. ಉಡುಪಿಯ ಕಡಲ ಬದಿಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಬಹಳ ವರ್ಷ ಕನ್ನಡ ಕಲಿಸಿ ನಿವೃತ್ತನಾದವನು ನಾನು. ಆದ್ದರಿಂದ ಈ ಮಾತುಗಳಲ್ಲಿ ಪಾಂಡಿತ್ಯಕ್ಕಿಂತ ನಾನೇ ಮಾಡಿದ ತಪ್ಪುಗಳ ಪಾಲು ಹೆಚ್ಚು.

ನಮ್ಮ ಶಾಲೆಯಲ್ಲಿ ಪುಸ್ತಕಗಳಿಗೆ ಕೊರತೆ ಇರಲಿಲ್ಲ. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟಿತ್ತು, ಅದರೊಳಗೆ ಸುಮಾರು ಮುನ್ನೂರು ಪುಸ್ತಕಗಳಿದ್ದವು, ಬೀಗದ ಕೈ ನನ್ನ ವಶದಲ್ಲಿತ್ತು. ಮಕ್ಕಳು ಗಾಜಿನ ಹೊರಗೆ ನಿಂತು ಪುಸ್ತಕಗಳ ಬೆನ್ನಿನ ಮೇಲಿನ ಹೆಸರುಗಳನ್ನು ಓದಬಹುದಿತ್ತು, ಅಷ್ಟೇ. ಇದರಲ್ಲಿ ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ದಾಸ್ತಾನು ಪುಸ್ತಕದಲ್ಲಿ ಬರೆದಿಟ್ಟ ಸಂಖ್ಯೆ ಕಡಿಮೆಯಾದರೆ ತಪಾಸಣೆಯ ದಿನ ಉತ್ತರ ಹೇಳಬೇಕಾದವನು ಶಿಕ್ಷಕ, ವರ್ಗಾವಣೆಯಾಗಿ ಚಾರ್ಜು ಬಿಟ್ಟುಕೊಡುವಾಗ ಕಿಸೆಯಿಂದ ಹಣ ತುಂಬಬೇಕಾದವನೂ ಅವನೇ. ಯಾರೂ ಮುಟ್ಟದ ಪುಸ್ತಕಕ್ಕೆ ಲೆಕ್ಕ ಕೊಡುವುದು ಸುಲಭ. ಓದಿಸಿಕೊಂಡ ಪುಸ್ತಕ ಹರಿಯುತ್ತದೆ, ಸಾರು ಚೆಲ್ಲಿಸಿಕೊಳ್ಳುತ್ತದೆ, ಕೆಲವೊಮ್ಮೆ ಮರಳಿ ಬರುವುದೇ ಇಲ್ಲ.

ಭಾರತದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ತಳಪಾಯ ಹಾಕಿದ ಎಸ್. ಆರ್. ರಂಗನಾಥನ್ ಅವರು 1917ರಲ್ಲಿ ಅಧ್ಯಾಪಕ ವೃತ್ತಿಯನ್ನು ಆರಂಭಿಸಿದ್ದು ನಮ್ಮ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ. ಇಂದು ಹಂಪನಕಟ್ಟೆಯಲ್ಲಿ ವಿಶ್ವವಿದ್ಯಾನಿಲಯ ಕಾಲೇಜು ಎಂಬ ಹೆಸರಿನಲ್ಲಿರುವುದು ಅದೇ ಸಂಸ್ಥೆ. ಅಲ್ಲಿ ಅವರು ಕಲಿಸಿದ್ದು ಗಣಿತ. 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಮೇಲೆ ಅವರ ಬದುಕಿನ ದಾರಿಯೇ ಬದಲಾಯಿತು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು. ಇಷ್ಟು ಸರಳವಾದ ಮಾತನ್ನು ಸೂತ್ರವೆಂದು ಬರೆದಿಡಬೇಕಾಯಿತೆಂದರೆ ನನ್ನಂತೆ ಬೀಗದ ಕೈ ಕಾಯುತ್ತಿದ್ದವರು ಆ ಕಾಲದಲ್ಲೂ ಬೇಕಾದಷ್ಟು ಮಂದಿ ಇದ್ದಿರಬೇಕು. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಎಂಬವು ಅನಂತರದ ಎರಡು ಸೂತ್ರಗಳು. ಶಾಲೆಯ ಮಟ್ಟಿಗೆ ನನಗೆ ಅತ್ಯಂತ ಕಷ್ಟದ ಪಾಠವಾದದ್ದು ಐದರಲ್ಲಿ ಎರಡನೆಯದಾದ, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಎಂಬ ಸೂತ್ರ. ಅದನ್ನು ಮುಂದೆ ಹೇಳುತ್ತೇನೆ.

ಹೊಸದಾಗಿ ಬಂದ ಮುಖ್ಯೋಪಾಧ್ಯಾಯಿನಿಯವರ ಧೈರ್ಯದಿಂದ ಒಂದು ವರ್ಷ ಆ ಕಪಾಟಿನ ಬೀಗ ತೆಗೆದೆವು. ತೆಳ್ಳಗಿನ ಪುಸ್ತಕಗಳನ್ನು ತರಗತಿಯ ಗೋಡೆಯುದ್ದಕ್ಕೂ ಕಟ್ಟಿದ ಹಗ್ಗದ ಮೇಲೆ, ಮುಖಪುಟ ಕಾಣುವಂತೆ, ಬಟ್ಟೆಯ ಕ್ಲಿಪ್ಪು ಸಿಕ್ಕಿಸಿ ತೂಗುಹಾಕಿದೆವು. ಹಗ್ಗ ಮೂರನೆಯ ತರಗತಿಯ ಮಗುವಿನ ಕೈಗೆ ಎಟಕುವಷ್ಟು ಕೆಳಗಿರಬೇಕೆಂಬುದು ಅವರ ಹಟ. ಎರಡು ವರ್ಷಗಳಲ್ಲಿ ಹದಿನೇಳು ಪುಸ್ತಕಗಳು ಕಾಣೆಯಾದವು. ಅವುಗಳ ಬೆಲೆಯನ್ನು ನಾವಿಬ್ಬರೂ ಹಂಚಿಕೊಂಡು ತುಂಬಿದೆವು, ಹೆಚ್ಚಿನ ಹಣವೇನೂ ಆಗಲಿಲ್ಲ. ಶಿಕ್ಷಕರು ಹೀಗೆ ಕಿಸೆಯಿಂದ ತುಂಬುವುದು ಸರಿಯಾದ ಪರಿಹಾರವಲ್ಲ. ಓದಿ ಸವೆದ ಪುಸ್ತಕವನ್ನು ಲೆಕ್ಕದಿಂದ ತೆಗೆಯುವ ಸರಳವಾದ ಕ್ರಮವೊಂದು ಪ್ರತಿ ಶಾಲೆಗೂ ಬೇಕು ಎಂಬುದು ನನ್ನ ಅಭಿಪ್ರಾಯ.

ಇನ್ನು ನನ್ನ ತಪ್ಪಿನ ವಿಚಾರ. ಪುಸ್ತಕಗಳು ಕೈಗೆ ಸಿಕ್ಕ ಉತ್ಸಾಹದಲ್ಲಿ, ಒಂದು ತಿಂಗಳಲ್ಲಿ ಅತಿ ಹೆಚ್ಚು ಪುಸ್ತಕ ಓದಿದವರಿಗೆ ಬಹುಮಾನ ಎಂದು ನಾನು ಪ್ರಕಟಿಸಿದೆ. ಗೆದ್ದ ಹುಡುಗಿ ನಲವತ್ತೊಂದು ಪುಸ್ತಕಗಳ ಹೆಸರು ಬರೆದಿದ್ದಳು. ಜಾಣೆಯಾದ ಅವಳು ಅತ್ಯಂತ ತೆಳ್ಳಗಿನವನ್ನೇ ಆರಿಸಿ, ಮೊದಲ ಪುಟ ಮತ್ತು ಕೊನೆಯ ಪುಟ ಓದಿ, ವಹಿಯಲ್ಲಿ ದಾಖಲಿಸಿದ್ದಳೆಂದು ಅವಳ ಪಕ್ಕದಲ್ಲಿ ಕುಳಿತವಳೇ ನನಗೆ ತಿಳಿಸಿದಳು. ಮರುತಿಂಗಳು ಬಹುಮಾನವಿಲ್ಲವೆಂದಾಗ ಹಗ್ಗದ ಹತ್ತಿರ ಬರುವವರ ಸಂಖ್ಯೆ, ಬಹುಮಾನ ಆರಂಭವಾಗುವುದಕ್ಕೆ ಮುಂಚೆ ಇದ್ದುದಕ್ಕಿಂತಲೂ ಕೆಳಗಿಳಿಯಿತು.

ಹೀಗಾಗುತ್ತದೆಂಬುದು ಮನಶ್ಶಾಸ್ತ್ರಜ್ಞರಿಗೆ ಬಹಳ ಹಿಂದೆಯೇ ತಿಳಿದಿತ್ತು. ಅಮೆರಿಕದ ಮಾರ್ಕ್ ಲೆಪ್ಪರ್ ಮತ್ತು ಅವರ ಸಂಗಡಿಗರು 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಬಣ್ಣದ ಪೆನ್ನಿನಿಂದ ಚಿತ್ರ ಬಿಡಿಸುವುದೆಂದರೆ ಮೊದಲೇ ಪ್ರೀತಿಯಿದ್ದ ಮೂರರಿಂದ ಐದು ವರ್ಷದ ಮಕ್ಕಳಲ್ಲಿ ಕೆಲವರಿಗೆ, ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಮುಂಚಿತವಾಗಿ ಹೇಳಲಾಯಿತು. ಕೆಲವರಿಗೆ ಬಿಡಿಸಿದ ಮೇಲೆ ಅನಿರೀಕ್ಷಿತವಾಗಿ ಕೊಡಲಾಯಿತು. ಉಳಿದವರಿಗೆ ಏನನ್ನೂ ಕೊಡಲಿಲ್ಲ. ಒಂದೆರಡು ವಾರ ಕಳೆದು ನೋಡಿದಾಗ, ಪ್ರಶಸ್ತಿಯ ನಿರೀಕ್ಷೆಯಿಂದ ಚಿತ್ರ ಬಿಡಿಸಿದ್ದ ಮಕ್ಕಳು ಬಿಡುವಿನ ವೇಳೆಯಲ್ಲಿ ಚಿತ್ರಕ್ಕೆ ಕೊಡುತ್ತಿದ್ದ ಸಮಯ ಉಳಿದ ಮಕ್ಕಳದ್ದರ ಸುಮಾರು ಅರ್ಧದಷ್ಟಕ್ಕೆ ಇಳಿದಿತ್ತು. ಪ್ರೀತಿಯಿಂದ ಮಾಡುತ್ತಿದ್ದುದು ಕೂಲಿಯ ಕೆಲಸವಾಗಿಬಿಟ್ಟರೆ, ಕೂಲಿ ನಿಂತ ದಿನ ಕೆಲಸವೂ ನಿಲ್ಲುತ್ತದೆ. ಮಗುವಿಗೆ ಏನಾದರೂ ಕೊಡಲೇಬೇಕೆಂದಿದ್ದರೆ ಇನ್ನೊಂದು ಪುಸ್ತಕ ಕೊಡಿ, ಅದನ್ನೂ ಮುಂಚಿತವಾಗಿ ಘೋಷಿಸಬೇಡಿ.

ಓದಿದ್ದರ ಸಾರಾಂಶ ಬರೆಸುವುದು, ಕತೆಯ ನೀತಿಯೇನೆಂದು ಕೇಳುವುದು, ಕಠಿಣ ಪದಗಳ ಪಟ್ಟಿ ಮಾಡಿಸುವುದು ಇವೂ ಬಹುಮಾನದ ಸೋದರರೇ. ಪಾಠದಲ್ಲಿ ಅವುಗಳಿಗೆ ಸ್ಥಾನವಿದೆ. ಆದರೆ ಮಗು ತನ್ನ ಖುಷಿಗಾಗಿ ಓದಿದ ಪುಸ್ತಕದ ಹಿಂದೆ ಪ್ರಶ್ನೆಪತ್ರಿಕೆಯೊಂದು ಕಾದು ಕುಳಿತಿದೆಯೆಂದಾದರೆ, ಮುಂದಿನ ಸಲ ಅದು ಪುಸ್ತಕ ತೆರೆಯುವ ಮುನ್ನ ಎರಡು ಬಾರಿ ಯೋಚಿಸುತ್ತದೆ.

ಈಗ ರಂಗನಾಥನ್ ಅವರ ಎರಡನೆಯ ಸೂತ್ರಕ್ಕೆ ಬರುತ್ತೇನೆ. ಐದನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ತಂದೆ ಮಲ್ಪೆ ಬಂದರಿನ ಮೀನುಗಾರಿಕೆ ಬೋಟಿನಲ್ಲಿ ಕೆಲಸ ಮಾಡುತ್ತಿದ್ದರು, ಮನೆಯ ಮಾತು ತುಳು. ಪಾಠ ಓದಲು ಹೇಳಿದರೆ ಒತ್ತಕ್ಷರಗಳ ಮುಂದೆ ನಿಂತುಬಿಡುತ್ತಿದ್ದ. ಅವನು ಹಗ್ಗದಿಂದ ಪ್ರತಿ ವಾರವೂ ತೆಗೆಯುತ್ತಿದ್ದುದು ಒಂದೇ ಪುಸ್ತಕ, ಮೀನುಗಳ ಚಿತ್ರವಿದ್ದ ಇಪ್ಪತ್ತನಾಲ್ಕು ಪುಟದ ಒಂದು ಪುಸ್ತಿಕೆ. ಮೂರನೆಯ ಸಲ ಅವನು ಅದನ್ನು ತೆಗೆದಾಗ, "ಪುನಃ ಅದೇ ಪುಸ್ತಕವಾ? ಬೇರೆ ಯಾವುದೂ ಕಾಣುವುದಿಲ್ಲವಾ ನಿನಗೆ?" ಎಂದು ಕೇಳಿಬಿಟ್ಟೆ. ಅವನು ಅದನ್ನು ಮೆಲ್ಲನೆ ಕ್ಲಿಪ್ಪಿಗೆ ಸಿಕ್ಕಿಸಿ ಹೋದ, ಎರಡು ವಾರ ಆ ಕಡೆ ತಲೆಹಾಕಲಿಲ್ಲ. ಕೊನೆಗೆ ನಾನೇ ಆ ಪುಸ್ತಕವನ್ನು ಅವನ ಬೆಂಚಿನ ಮೇಲಿಟ್ಟು, ಏನೂ ಹೇಳದೆ ಬಂದೆ. ನಾಲ್ಕು ದಿನ ಕಳೆದು ಅವನು ಒಂದು ಪುಟದ ಮೇಲೆ ಬೆರಳಿಟ್ಟುಕೊಂಡು ನನ್ನ ಮೇಜಿನ ಬಳಿ ಬಂದು ಹೇಳಿದ: "ಸರ್, ಇದರಲ್ಲಿ ತಪ್ಪು ಬರೆದಿದ್ದಾರೆ. ಬಂಗುಡೆ ಅಂತ ಬರೆದಿದ್ದಾರೆ, ಚಿತ್ರ ಬೂತಾಯಿಯದ್ದು. ಬಂಗುಡೆಗೆ ಬೆನ್ನ ಮೇಲೆ ಗೆರೆ ಇರ್ತದೆ, ಇದಕ್ಕಿಲ್ಲ."

ಅವನು ಹೇಳಿದ್ದು ಸರಿಯಾಗಿತ್ತು. ಅಚ್ಚಾದ ಮಾತನ್ನು ತನ್ನ ಕಣ್ಣಿನ ಅನುಭವದ ಪಕ್ಕದಲ್ಲಿಟ್ಟು ತೂಗಿ ನೋಡುವುದಕ್ಕಿಂತ ಹೆಚ್ಚಿನ ಓದನ್ನು ನಾನು ಯಾವ ಪ್ರಶ್ನೆಪತ್ರಿಕೆಯಿಂದಲೂ ಪಡೆದದ್ದಿಲ್ಲ. ಒಂದೇ ಪುಸ್ತಕವನ್ನು ಮತ್ತೆ ಮತ್ತೆ ಓದುವ ಮಗು ಅಲ್ಲೇ ನಿಂತುಬಿಟ್ಟಿಲ್ಲ. ಗುರುತಿನ ಪದಗಳ ಮೇಲೆ ಕಾಲೂರಿ ಗುರುತಿಲ್ಲದ ಪದಗಳತ್ತ ಕೈ ಚಾಚುತ್ತಿರುತ್ತದೆ. ಓದು ಸಲೀಸಾದವನು ಹೆಚ್ಚು ಓದುತ್ತಾನೆ, ಹೆಚ್ಚು ಓದಿದಷ್ಟೂ ಇನ್ನಷ್ಟು ಸಲೀಸಾಗುತ್ತದೆ, ತಡವರಿಸುವವನು ಓದಿನಿಂದ ತಪ್ಪಿಸಿಕೊಂಡು ಇನ್ನಷ್ಟು ಹಿಂದೆ ಬೀಳುತ್ತಾನೆ ಎಂದು ಕೀತ್ ಸ್ಟಾನೊವಿಚ್ ಎಂಬ ವಿದ್ವಾಂಸರು 1986ರಲ್ಲಿ ವಿವರಿಸಿದ್ದಾರೆ. ಆದ್ದರಿಂದ ಹಿಂದುಳಿದ ಮಗುವಿಗೆ ಕಷ್ಟದ ಪುಸ್ತಕವಲ್ಲ, ಸುಲಭದ್ದೇ ಬೇಕು. ಪುಸ್ತಕ ತನಗೆ ಹೊಂದುತ್ತದೆಯೋ ಎಂದು ಮಗುವೇ ಪರೀಕ್ಷಿಸಿಕೊಳ್ಳಲು ಒಂದು ಉಪಾಯವಿದೆ: ನಡುವಿನ ಒಂದು ಪುಟ ತೆರೆದು ಓದುತ್ತಾ, ತಿಳಿಯದ ಪದ ಬಂದಾಗಲೆಲ್ಲ ಒಂದೊಂದು ಬೆರಳು ಮಡಚುವುದು. ಪುಟ ಮುಗಿಯುವ ಮೊದಲೇ ಐದೂ ಬೆರಳು ಮಡಚಿದರೆ, ಆ ಪುಸ್ತಕವನ್ನು ಸದ್ಯಕ್ಕೆ ಬದಿಗಿಡಬಹುದು. ಆದರೂ ಅದೇ ಬೇಕೆಂದು ಮಗು ಹಟ ಹಿಡಿದರೆ ಕೊಟ್ಟುಬಿಡಿ. ಆಸೆಯ ಮುಂದೆ ಬೆರಳಿನ ಲೆಕ್ಕ ನಿಲ್ಲುವುದಿಲ್ಲ.

ಉಡುಪಿ, ದಕ್ಷಿಣ ಕನ್ನಡ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಇನ್ನೊಂದು ವಿಶೇಷವಿದೆ. ಮನೆಯಲ್ಲಿ ತುಳುವೋ, ಕೊಂಕಣಿಯೋ, ಬ್ಯಾರಿಯೋ, ಕುಂದಾಪುರದ ಕನ್ನಡವೋ ಆಡುವ ಮಗುವಿಗೆ ಪುಸ್ತಕದ ಕನ್ನಡ ಒಂದು ಹೆಜ್ಜೆ ದೂರದ್ದು. ಆದರೆ ಇದೇ ಮಕ್ಕಳು ಯಕ್ಷಗಾನದ ಬಯಲಿನಲ್ಲಿ ನಿದ್ದೆಗಣ್ಣಿನಲ್ಲಿ ಕುಳಿತು, ತಾಳಮದ್ದಳೆಯಲ್ಲಿ ಪಾತ್ರಧಾರಿಗಳು ಆಡುವ ಮಾತು, ಅಂದರೆ ಅರ್ಥ, ಕೇಳುತ್ತಾ, ಎಷ್ಟೋ ಗಟ್ಟಿಯಾದ ಕನ್ನಡವನ್ನು ಕಿವಿಯಿಂದಲೇ ಪಡೆಯುತ್ತಾರೆ. ಕಿವಿಗೆ ಬಿದ್ದ ಭಾಷೆ ಕಣ್ಣಿಗೆ ಬೇಗ ಒಗ್ಗುತ್ತದೆ. ಅದಕ್ಕಾಗಿಯೇ ದೊಡ್ಡವರು ಗಟ್ಟಿಯಾಗಿ ಓದಿ ಹೇಳಬೇಕು, ಮಗು ಸ್ವತಃ ಓದಲು ಕಲಿತ ಮೇಲೂ ಅದನ್ನು ನಿಲ್ಲಿಸಬಾರದು. ನಡುವೆ ತುಳುವಿನಲ್ಲಿ ಒಂದು ಮಾತು ವಿವರಿಸಿದರೆ ಕನ್ನಡಕ್ಕೇನೂ ಕುಂದಾಗುವುದಿಲ್ಲ. ಕನ್ನಡ ಓದಲು ಬಾರದ ಅಜ್ಜಿ ಮನೆಯಲ್ಲಿದ್ದರೆ ಮೊಮ್ಮಗುವಿಗೆ ಅವರಿಗಿಂತ ಒಳ್ಳೆಯ ಕೇಳುಗರು ಸಿಗಲಾರರು, ಏಕೆಂದರೆ ಅವರು ಉಚ್ಚಾರ ತಿದ್ದುವುದಿಲ್ಲ, ಮುಂದೇನಾಯಿತೆಂದು ಮಾತ್ರ ಕೇಳುತ್ತಾರೆ.

ಮಕ್ಕಳ ಓದಿನ ಕಾಳಜಿ ಈ ನೆಲಕ್ಕೆ ಹೊಸದಲ್ಲ. ಶಿಕ್ಷಕರೂ ಶಾಲಾ ಇನ್‌ಸ್ಪೆಕ್ಟರರೂ ಆಗಿದ್ದ ಪಂಜೆ ಮಂಗೇಶರಾಯರು 1921ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲವನ್ನು ಕಟ್ಟಿದ್ದರು; ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳೊಂದಿಗೆ ನಡೆಸಿದ ಪ್ರಯೋಗಗಳು ಎಲ್ಲರಿಗೂ ತಿಳಿದವೇ. ಇಂದು ಗ್ರಾಮ ಪಂಚಾಯತಿಯ ಗ್ರಂಥಾಲಯಗಳು, ಅಂದರೆ ಅರಿವು ಕೇಂದ್ರಗಳು, ಹತ್ತಿರದಲ್ಲೇ ಇವೆ. 2020ರ ನವೆಂಬರ್ 14ರಂದು ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದ ಅನಂತರ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವೂ ಇದೆ. ಮಗುವಿನ ಹೆಸರು ನೋಂದಾಯಿಸಿದರೆ ಸಾಲದು, ವಾರಕ್ಕೊಮ್ಮೆ ಜೊತೆಗೆ ಹೋಗಬೇಕು, ಹೋದಾಗ ನಾವೂ ಒಂದು ಪುಸ್ತಕ ತರಬೇಕು. ಅಪ್ಪ ಅಮ್ಮ ಮೊಬೈಲು ನೋಡುತ್ತಾ ಕುಳಿತು "ಹೋಗಿ ಓದು" ಎಂದರೆ, ಓದು ಎಂಬುದು ಚಿಕ್ಕವರಿಗೆ ಮಾತ್ರ ವಿಧಿಸಿದ ಶಿಕ್ಷೆ ಎಂದೇ ಮಗು ತಿಳಿಯುತ್ತದೆ.

ಮಳೆಗಾಲದ ಬಗ್ಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ತಿಂಗಳುಗಳಲ್ಲಿ ರೆಡ್ ಅಲರ್ಟ್ ಎಂದು ಶಾಲೆಗೆ ರಜೆ ಸಿಗುವುದು ಮಾಮೂಲಿ. ಹಿಂದೆ ಆಟಿ ಎಂಬ ತುಳು ತಿಂಗಳ ಮಳೆಯಲ್ಲಿ ಹೊಲದ ಕೆಲಸ ಬಿಡುವಾದಾಗ ಮನೆಯೊಳಗೆ ಒಗಟು, ಕತೆಗಳು ನಡೆಯುತ್ತಿದ್ದವು. ಆ ಬಿಡುವು ಪುಸ್ತಕಕ್ಕೂ ಒದಗಬಹುದು, ರಜೆಯ ಹಿಂದಿನ ಸಂಜೆ ಮಗುವಿನ ಚೀಲದಲ್ಲಿ ಒಂದು ಪುಸ್ತಕ ಮನೆ ಸೇರಿದ್ದರೆ. ತೊಂದರೆಯೆಂದರೆ ಆ ತೇವದಲ್ಲಿ ಪುಸ್ತಕಗಳಿಗೆ ಬೂಸ್ಟು ಹಿಡಿಯುತ್ತದೆ. ಒಂದು ವರ್ಷ ಆಗಸ್ಟಿನಲ್ಲಿ ಅಪರೂಪಕ್ಕೆ ಬಿಸಿಲು ಬಂದ ದಿನ, ಶಾಲೆಯ ಜಗಲಿಯಲ್ಲಿ ಚಾಪೆ ಹಾಸಿ ಪುಸ್ತಕಗಳನ್ನೆಲ್ಲ ಒಣಗಲು ಹರಡಿದೆವು. ಬಟ್ಟೆಯಿಂದ ಒರೆಸಿ, ಸಂಖ್ಯೆ ನೋಡಿ, ಗಂಟೆ ಬಾರಿಸುವುದರೊಳಗೆ ಒಳಗಿಡಬೇಕೆಂದು ಏಳನೆಯ ತರಗತಿಯವರಿಗೆ ಹೇಳಿದ್ದೆ. ಒಂದು ಗಂಟೆಯ ಕೆಲಸ. ಸಂಜೆ ನಾಲ್ಕು ಗಂಟೆಗೆ ಹೋಗಿ ನೋಡಿದರೆ ಒರೆಸುವ ಬಟ್ಟೆಗಳು ಒಂದು ಮೂಲೆಯಲ್ಲಿದ್ದವು, ಮಕ್ಕಳು ಪುಸ್ತಕಗಳ ನಡುವೆ ಎಲ್ಲೆಂದರಲ್ಲಿ ಕುಳಿತು, ಮಲಗಿ ಓದುತ್ತಿದ್ದರು, ಅರ್ಧಕ್ಕರ್ಧ ಪುಸ್ತಕಗಳು ಒರೆಸದೆ ಬಿದ್ದಿದ್ದವು. ನಾಳೆ ಮುಗಿಸೋಣವೆಂದು ಎಲ್ಲವನ್ನೂ ತರಗತಿಯ ಬೆಂಚುಗಳ ಮೇಲೆ ಪೇರಿಸಿದೆವು. ಮರುದಿನದಿಂದ ಮತ್ತೆ ಮಳೆ ಹಿಡಿಯಿತು, ಕಪಾಟು ಒಂದು ವಾರ ಖಾಲಿಯೇ ಇತ್ತು.

ನಮಸ್ಕಾರ.