ನುಚ್ಚು ಚೆಲ್ಲಿಬಿಟ್ರೆ ಕೋಳಿ ಸಾಕಿದ ಹಾಗಲ್ಲ

ನಮಸ್ಕಾರ ಬಂಧುಗಳೇ. ಇವತ್ತು ಗೂಡು ಕಟ್ಟೋದರ ಎರಡನೇ ಭಾಗ ಹಾಕಬೇಕಿತ್ತು. ಅದನ್ನ ಮುಂದಿನ ವಾರಕ್ಕೆ ತಳ್ಳಿದ್ದೀನಿ. ಹೋದ ವಿಡಿಯೋ ಕೆಳಗೆ ಒಂದು ಕಾಮೆಂಟ್ ಬಂದಿದೆ, ಅದಕ್ಕೆ ಉತ್ತರ ಕೊಡದೆ ಮುಂದಕ್ಕೆ ಹೋಗೋಕೆ ಮನಸ್ಸು ಒಪ್ತಾ ಇಲ್ಲ. ಓದ್ತೀನಿ ಕೇಳಿ: "ಸಾರ್, ನಮ್ಮಜ್ಜಿ ಬೆಳಿಗ್ಗೆ ಒಂದು ಹಿಡಿ ನುಚ್ಚು, ಸಂಜೆ ಒಂದು ಹಿಡಿ ನುಚ್ಚು ಹಾಕಿ ಹಿತ್ತಲು ತುಂಬ ಕೋಳಿ ಸಾಕಿದ್ರು. ಪ್ರೋಟೀನು ಗೀಟೀನು ಅಂತ ಯಾವ ಲೆಕ್ಕಾನೂ ಇರಲಿಲ್ಲ. ನೀವು ಸುಮ್ನೆ ಜನರ ತಲೆ ಕೆಡಿಸ್ತೀರಿ." ಇದಕ್ಕೆ ಲೈಕ್ ಬೇರೆ ಸಾಲುಸಾಲು.

ಅಣ್ಣಾ, ನಿಮ್ಮಜ್ಜಿ ಮೇಲೆ ನನಗೆ ಅಪಾರ ಗೌರವ. ಆದರೆ ಅವರ ಕೋಳಿ ನುಚ್ಚು ತಿಂದು ಬದುಕಿದ್ದಲ್ಲ. ಅವು ಬದುಕಿದ್ದು ತಿಪ್ಪೆ ಮೇಲೆ. ಆ ಒಂದು ಹಿಡಿ ನುಚ್ಚು ಬೆಳಿಗ್ಗೆ ಎಣಿಸೋಕೆ, ಸಂಜೆ ಗೂಡಿಗೆ ಕರೆಯೋಕೆ. ಮಧ್ಯೆ ಹತ್ತು ಹನ್ನೊಂದು ಗಂಟೆ ಕಾಲ ಆ ಹೇಟೆಗಳು ಏನು ಮಾಡ್ತಿದ್ವು? ತಿಪ್ಪೆ ಕೆದಕಿ ಗೊಬ್ಬರದ ಹುಳ ತಿಂತಿದ್ವು. ಕೊಟ್ಟಿಗೆಯ ಸಗಣಿಯಲ್ಲಿದ್ದ ನೊಣದ ಮರಿ, ಬೇಲಿ ಸಾಲಿನ ಮಿಡತೆ, ಎರೆಹುಳ, ಮಳೆ ಬಂದ ಮಾರನೇ ದಿನ ಎದ್ದ ಈಚಲು ಹುಳ, ಕಣದಲ್ಲಿ ಉದುರಿದ ಹುರುಳಿ, ಅವರೆ, ಎಳೆ ಗರಿಕೆ, ಎಲ್ಲಾ ತಿಂತಿದ್ವು. ಮರಿಗಳಿಗೆ ಗೆದ್ದಲು ತಂದು ಹಾಕೋ ಪದ್ಧತಿ ಎಷ್ಟೋ ಊರಲ್ಲಿದೆ. ಅದು ಶುದ್ಧ ಪ್ರೋಟೀನ್ ಅಲ್ಲದೆ ಇನ್ನೇನು? ಅಜ್ಜಿ ಬಾಯಲ್ಲಿ ಆ ಪದ ಇರಲಿಲ್ಲ, ಕೈಯಲ್ಲಿ ಆ ಕೆಲಸ ಇತ್ತು.

ಈಗ ನಿಮ್ಮ ಹಿತ್ತಲು ನೋಡಿ. ನಾಲ್ಕೂ ಕಡೆ ಕಾಂಪೌಂಡು, ಒಳಗೆ ಸಿಮೆಂಟು, ಮೇಲೆ ನಾಯಿ, ಮುಂಗುಸಿ ಭಯಕ್ಕೆ ಜಾಲರಿ. ಹಸು ಇಲ್ಲ, ತಿಪ್ಪೆ ಇಲ್ಲ, ಕಣ ಅಂತೂ ಇಲ್ಲವೇ ಇಲ್ಲ. ಹತ್ತು ಅಡಿ ಉದ್ದ ಆರು ಅಡಿ ಅಗಲದ ಜಾಗದಲ್ಲಿ ಹನ್ನೆರಡು ಹೇಟೆ ಕೂಡಿಹಾಕಿ ಅಜ್ಜಿ ಹಾಗೆ ನುಚ್ಚು ಚೆಲ್ಲಿದ್ರೆ ಅಜ್ಜಿ ಸಾಕಿದ ಹಾಗಾಗುತ್ತಾ? ಅಜ್ಜಿ ಕೊಟ್ಟಿದ್ದರಲ್ಲಿ ದೊಡ್ಡ ಪಾಲು ಕಿತ್ತುಕೊಂಡು, ಸಣ್ಣ ಪಾಲು ಮಾತ್ರ ಉಳಿಸಿಕೊಂಡಿದ್ದೀರಿ. ನುಚ್ಚು, ರಾಗಿ, ಜೋಳದಂಥ ಕಾಳು ಅಂದ್ರೆ ಹೆಚ್ಚುಪಾಲು ಶಕ್ತಿ, ಪ್ರೋಟೀನ್ ಕಮ್ಮಿ. ಕಟ್ಟಿಹಾಕಿದ ಕೋಳಿಗೆ ಪ್ರೋಟೀನ್ ಕೈಯಾರೆ ಕೊಡಬೇಕು. ನಾನು ಹೇಳ್ತಿರೋದು ಇದೊಂದೇ ಮಾತು.

ಲೆಕ್ಕ ಬೇಡ ಅಂತೀರಲ್ಲ, ಕೂಡೋಕೆ ಕಳೆಯೋಕೆ ಬಂದ್ರೆ ಸಾಕು, ಬನ್ನಿ. ಮೊಟ್ಟೆ ಇಡೋ ಹೇಟೆ ಒಂದು ದಿನಕ್ಕೆ 100ರಿಂದ 120 ಗ್ರಾಂ ತಿನ್ನುತ್ತೆ. 100 ಗ್ರಾಂ ನುಚ್ಚಕ್ಕಿಯಲ್ಲಿ ಪ್ರೋಟೀನ್ ಹೆಚ್ಚುಕಡಿಮೆ 8 ಗ್ರಾಂ. ರಾಗಿ ಹಾಕಿದ್ರೆ 7, ಮೆಕ್ಕೆಜೋಳ 9, ಬಿಳಿಜೋಳ 10. ಎಲ್ಲಾ ಅಷ್ಟರಲ್ಲೇ. 50 ಗ್ರಾಮಿನ ಒಂದು ಮೊಟ್ಟೆ ಒಳಗೇ 6 ಗ್ರಾಂ ಪ್ರೋಟೀನ್ ಇರುತ್ತೆ. ಉಳಿದಿದ್ದು 2 ಗ್ರಾಂ. ಅದರಲ್ಲಿ ಮೈ ನಡೀಬೇಕು, ಪುಕ್ಕ ಬೆಳೀಬೇಕು, ರೋಗ ಬಂದ್ರೆ ತಡೀಬೇಕು. ತಿಂದಿದ್ದೆಲ್ಲ ಮೈಗೂ ಹತ್ತಲ್ಲ. ಸಾಲದ್ದಕ್ಕೆ ಇಂಥ ಕಾಳಿನ ಪ್ರೋಟೀನಿನಲ್ಲಿ ಲೈಸಿನ್ ಅನ್ನೋ ಅಂಶ ಕಮ್ಮಿ, ಅದಿಲ್ಲದೆ ಉಳಿದದ್ದೂ ಪೂರ್ತಿ ಉಪಯೋಗಕ್ಕೆ ಬರಲ್ಲ. ಆಗ ಹೇಟೆ ಏನು ಮಾಡುತ್ತೆ? ತನ್ನ ಮೈ ಕರಗಿಸಿ ಕೆಲವು ಮೊಟ್ಟೆ ಇಟ್ಟು, ಆಮೇಲೆ ನಿಲ್ಲಿಸಿಬಿಡುತ್ತೆ. ನೀವು "ತಳಿ ಸರಿಯಿಲ್ಲ, ಮಾರಿದವನು ಮೋಸ ಮಾಡಿದ" ಅಂತ ಬೈತೀರಿ. ಮೋಸ ಮಾಡಿದ್ದು ನುಚ್ಚು.

ತಳಿ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಅಜ್ಜಿ ಹತ್ತಿರ ಇದ್ದದ್ದು ನಾಟಿ ಹೇಟೆ. ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ, ಒಂದು ಸುತ್ತು ಇಟ್ಟಮೇಲೆ ಕಾವಿಗೆ ಕೂರೋದು, ಮರಿ ಮಾಡೋದು. ನೀವು ತಂದಿರೋದು ಯಾವುದು? ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ಗಿರಿರಾಜ, ಇಲ್ಲ ಸ್ವರ್ಣಧಾರ. ಹೈದರಾಬಾದಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯದ ವನರಾಜ, ಗ್ರಾಮಪ್ರಿಯ. ಗಿರಿರಾಜ ವರ್ಷಕ್ಕೆ 130–150 ಮೊಟ್ಟೆ ಇಡೋ ಶಕ್ತಿ ಇರೋ ಹಕ್ಕಿ, ಸ್ವರ್ಣಧಾರ ಅದಕ್ಕಿಂತ ಮೇಲೆ. ಮೈಯೂ ಭಾರ. ಮೂರು ಪಟ್ಟು ಮೊಟ್ಟೆ ಬೇಕು, ಆದ್ರೆ ಮೇವು ಮಾತ್ರ ಅಜ್ಜಿ ಕಾಲದ್ದಕ್ಕಿಂತ ಕಡೆ. ಇದು ಯಾವ ನ್ಯಾಯ ಸ್ವಾಮಿ?

ಪ್ರೋಟೀನ್ ಸಾಲದಿದ್ರೆ ಕಾಣಿಸೋದು ಹೀಗೆ. ಒಂದು ತಿಂಗಳು ದಾಟಿದ ಮರಿಯ ಬೆನ್ನ ಮೇಲೆ ಪುಕ್ಕ ಇಲ್ಲ, ಚರ್ಮ ಕಾಣ್ತಾ ಇದೆ. ಪುಕ್ಕ ಅಂದ್ರೆ ಬಹುಪಾಲು ಪ್ರೋಟೀನೇ, ಎಲ್ಲಿಂದ ತರುತ್ತೆ ಅದು? ದೊಡ್ಡವು ಒಂದರ ಪುಕ್ಕ ಇನ್ನೊಂದು ಕಿತ್ತು ತಿನ್ನುತ್ತೆ, ಬಾಲದ ಬುಡ ರಕ್ತ ಆಗೋವರೆಗೂ ಕುಕ್ಕುತ್ತೆ. ಇಟ್ಟ ಮೊಟ್ಟೆ ಒಡೆದು ತಿನ್ನುತ್ತೆ. ಕಿಕ್ಕಿರಿದ ಗೂಡಿನಿಂದಲೂ, ಉಪ್ಪು ಸಾಲದೆಯೂ ಇವು ಬರಬಹುದು, ಅದನ್ನ ಒಪ್ತೀನಿ, ಆದರೆ ಮೊದಲು ಮೇವಿನ ತಟ್ಟೆ ನೋಡಿ. ಇನ್ನೊಂದು ಕಡೆ, ಬರೀ ಕಾಳು ತಿಂದ ಹೇಟೆ ನೋಡೋಕೆ ದುಂಡಗೆ ಇರುತ್ತೆ. ಕುಯ್ದು ನೋಡಿದ್ರೆ ಹೊಟ್ಟೆ ತುಂಬ ಹಳದಿ ಕೊಬ್ಬು, ಈಲಿ ಬೆಣ್ಣೆ ಥರ ಮೆತ್ತಗೆ. "ಎಷ್ಟು ಚೆನ್ನಾಗಿ ಮೈ ಬಂದಿತ್ತು, ಇದ್ದಕ್ಕಿದ್ದಂಗೆ ಸತ್ತೋಯ್ತು" ಅಂತಾರಲ್ಲ, ಎಷ್ಟೋ ಸಲ ಇದೇ ಕಾರಣ.

ಈಗ ಅಜೋಲಾ ಪಾರ್ಟಿಯವರು ಬರ್ತಾರೆ. ಅಜೋಲಾ ಅಂದ್ರೆ ನೀರಿನ ಮೇಲೆ ತೇಲಿ ಬೆಳೆಯೋ ಸಣ್ಣ ಹಸಿರು ಗಿಡ. "ಅಜೋಲಾ ಬೆಳೆಸಿ, ಖರ್ಚೇ ಇಲ್ಲ, ನೂರಕ್ಕೆ 25 ಪ್ರೋಟೀನ್!" ಒಣಗಿಸಿ ತೂಗಿದ್ರೆ 20–25, ಸರಿ. ನೀವು ಹಾಕ್ತಿರೋದು ತೊಟ್ಟಿಯಿಂದ ಬಾಚಿದ ಹಸಿ ಅಜೋಲಾ. ಅದರಲ್ಲಿ ನೂರಕ್ಕೆ 93–95 ಭಾಗ ನೀರು. ಒಂದು ಕಿಲೋ ಹಸಿ ಅಜೋಲಾದಲ್ಲಿ ಒಣ ಅಂಶ 50–70 ಗ್ರಾಂ, ಪ್ರೋಟೀನ್ 12–15 ಗ್ರಾಂ. ನುಚ್ಚಿನ ಕೊರತೆ ತುಂಬೋಕೆ ಒಂದು ಹೇಟೆ ದಿನಕ್ಕೆ ಅರ್ಧ ಕಿಲೋಗಿಂತ ಜಾಸ್ತಿ ಹಸಿ ಅಜೋಲಾ ನುಂಗಬೇಕು. ಹೇಟೆ ಹೊಟ್ಟೆ ಎಷ್ಟಿದೆ, ನೀವೇ ನೋಡಿ! ಸೊಪ್ಪಾಗಿ ಹಾಕಿ, ಒಳ್ಳೇದು, ಎ ವಿಟಮಿನ್ ಸಿಗುತ್ತೆ, ಮೊಟ್ಟೆಯ ಹಳದಿಗೆ ಬಣ್ಣ ಬರುತ್ತೆ. ಎಣ್ಣೆ ತೆಗೆದ ಮೇಲೆ ಉಳಿಯೋ ಹಿಂಡಿ ಇದೆಯಲ್ಲ, ಅದರ ಬದಲು ಅಂತ ಮಾತ್ರ ಹೇಳಬೇಡಿ. ಒಣಗಿಸಿದ ನುಗ್ಗೆ ಸೊಪ್ಪು ಇದಕ್ಕಿಂತ ಕೆಲಸಕ್ಕೆ ಬರುತ್ತೆ.

ಇನ್ನೊಬ್ಬರು, "ನಾಟಿ ಅಂದ್ಮೇಲೆ ಫೀಡ್ ಮುಟ್ಟಿಸಬಾರದು, ಕೆಮಿಕಲ್ಲು." ಕಡಲೆಕಾಯಿ ಹಿಂಡಿ ಕೆಮಿಕಲ್ಲಾ? ಗಾಣದಿಂದ ಬಂದಿದ್ದು ಅದು. ಮನೇಲೇ ಬೆರೆಸೋ ಹಾಗಿದ್ರೆ ಬರೆದುಕೊಳ್ಳಿ, ಸ್ಕ್ರೀನ್ ಮೇಲೂ ಬರ್ತಾ ಇದೆ. ಮೊಟ್ಟೆ ಇಡೋ ಹೇಟೆಗಳಿಗೆ ಹತ್ತು ಕಿಲೋ ಮೇವು: ಒಡೆದ ಮೆಕ್ಕೆಜೋಳ, ರಾಗಿ, ನುಚ್ಚು, ನಿಮ್ಮಲ್ಲಿ ಏನು ಸಿಗುತ್ತೋ ಅದು, ಒಟ್ಟು 6.3 ಕಿಲೋ. ಅಕ್ಕಿ ತೌಡು 1.2 ಕಿಲೋ. ಕಡಲೆಕಾಯಿ ಹಿಂಡಿ 1.2 ಕಿಲೋ. ಸೋಯಾ ಹಿಂಡಿ ಒಂದು ಕಿಲೋ. ಕೋಳಿಗೆ ಅಂತಲೇ ಸಿಗೋ ಖನಿಜ ಮಿಶ್ರಣ 250 ಗ್ರಾಂ. ಉಪ್ಪು 30 ಗ್ರಾಂ. ಇಷ್ಟಕ್ಕೆ ಪ್ರೋಟೀನ್ ನೂರಕ್ಕೆ ಸುಮಾರು 16 ಬರುತ್ತೆ. ತಕ್ಕಡಿಯಲ್ಲಿ ತೂಗಿ, ಪಾವಿನಲ್ಲಿ ಅಳೀಬೇಡಿ. ತೌಡು ಹಗುರ, ಕಾಳು ಭಾರ, ಪಾವು ನಂಬಿದ್ರೆ ಲೆಕ್ಕ ಕೆಡುತ್ತೆ. ದಿನಕ್ಕೆ ಸ್ವಲ್ಪ ಹೊತ್ತು ನಿಜವಾಗಲೂ ಹೊರಗೆ ಮೇಯೋ ಕೋಳಿಗೆ ತಲೆಗೆ 50–60 ಗ್ರಾಂ ಸಾಕು, ಅದನ್ನ ಸಂಜೆ ಕೊಡಿ. ಬೆಳಿಗ್ಗೆನೇ ಹೊಟ್ಟೆ ತುಂಬಿಸಿದ್ರೆ ಕೆದಕೋಕೆ ಹೋಗಲ್ಲ.

ತಪ್ಪಾಗೋ ಜಾಗಗಳು ಇಲ್ಲೇ ಇವೆ, ದಯವಿಟ್ಟು ವಿಡಿಯೋ ಮುಂದಕ್ಕೆ ಓಡಿಸಬೇಡಿ. ಹಿಂಡಿಯಲ್ಲಿ ಬೂಷ್ಟು ಕಂಡ್ರೆ, ಮುಗ್ಗಲು ವಾಸನೆ ಬಂದ್ರೆ ಗುಂಡಿಗೆ ಹಾಕಿ, ಬಿಸಿಲಿಗೆ ಒಣಗಿಸಿ ಬಳಸೋ ಬುದ್ಧಿ ಬೇಡ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೀರಿ ಟರ್ಕಿ ಕೋಳಿ ಮರಿಗಳು ಸತ್ತವು. ಕಾರಣ, ಬ್ರೆಜಿಲಿನಿಂದ ಬಂದ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ. ಅಫ್ಲಾಟಾಕ್ಸಿನ್ ಅನ್ನೋ ವಿಷ ಪತ್ತೆಯಾಗಿದ್ದೇ ಆ ಸಾವುಗಳಿಂದ. ಮಳೆಗಾಲದಲ್ಲಿ ಎರಡು ವಾರಕ್ಕೆ ಆಗೋಷ್ಟು ಮಾತ್ರ ತನ್ನಿ, ಚೀಲ ನೆಲಕ್ಕೆ ತಾಗದ ಹಾಗೆ ಹಲಗೆ ಮೇಲಿಡಿ.

ಸೋಯಾ ಕಾಳು, ಹುರುಳಿ, ಅವರೆ ಹಸಿಯಾಗಿ ಪುಡಿ ಮಾಡಿ ಹಾಕಬೇಡಿ. ಪ್ರೋಟೀನ್ ಜೀರ್ಣ ಆಗದ ಹಾಗೆ ತಡೆಯೋ ಅಂಶ ಅದರೊಳಗೇ ಇದೆ. ಚೆನ್ನಾಗಿ ಬೇಯಿಸಿ ಇಲ್ಲ ಹುರಿದು ಹಾಕಿ. ಕರಾವಳಿಯವರಿಗೆ ಒಣಮೀನು ಸಿಗುತ್ತೆ, ಬಹಳ ಒಳ್ಳೇದು. ಉಪ್ಪು ಹಾಕದೆ ಒಣಗಿಸಿದ್ದೇ ಬೇಕು, ಉಪ್ಪುಮೀನು ಹಾಕಿದ್ರೆ ಮರಿ ನೀರು ಕುಡಿದು ಕುಡಿದು ಸಾಯುತ್ತೆ. ಮೀನು ಹಾಕಿದ ದಿನ ಮೇವಿನ ಉಪ್ಪು ಬಿಡಿ. ಹಸುವಿಗೆ ತಂದ ಪಶು ಆಹಾರ ಕೋಳಿಗೆ ಬೇಡವೇ ಬೇಡ, ಕೆಲವದರಲ್ಲಿ ಯೂರಿಯಾ ಇರುತ್ತೆ. ಹಸು ಹೊಟ್ಟೆ ಅದನ್ನ ಅರಗಿಸಿಕೊಳ್ಳುತ್ತೆ, ಕೋಳಿ ಹೊಟ್ಟೆಗೆ ಆಗಲ್ಲ. ಹತ್ತಿಕಾಳು ಹಿಂಡಿಯೂ ಬೇಡ, ಮೊಟ್ಟೆಯ ಹಳದಿ ಹಸಿರಿಗೆ ತಿರುಗುತ್ತೆ. ಸತ್ತ ಪ್ರಾಣಿ ಕೊಳೆಸಿ ಹುಳ ಬೆಳೆಸೋ ವಿಡಿಯೋ ಓಡಾಡ್ತಾ ಇವೆ, ಅದನ್ನ ನಂಬಬೇಡಿ. ಆ ಹುಳದ ಜೊತೆ ವಿಷ ಹೋಗಿ ಕೋಳಿ ಕುತ್ತಿಗೆ ಜೋತುಬಿದ್ದು ಸಾಯುತ್ತೆ. ಹುಳ ಬೇಕಾದ್ರೆ ತಿಪ್ಪೆ ಮಾಡಿ: ಗೂಡಿನ ಮೂಲೆಯಲ್ಲಿ ಒಣ ಎಲೆ, ಸೊಪ್ಪು ಸದೆ, ಸ್ವಲ್ಪ ಸಗಣಿ ರಾಶಿ ಹಾಕಿ, ತೇವ ಆರದಂತೆ ನೋಡಿಕೊಳ್ಳಿ. ಕೋಳಿಗಳೇ ತಿರುವಿ ಹಾಕುತ್ತವೆ.

ಹಾಂ, ಸುಣ್ಣ. ಒಂದು ಮೊಟ್ಟೆ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಕಪ್ಪೆಚಿಪ್ಪಿನ ಚೂರು ಇಲ್ಲ ಸುಣ್ಣಕಲ್ಲಿನ ಚೂರು ಬೇರೆ ತಟ್ಟೆಯಲ್ಲಿಡಿ, ಬೇಕಾದಾಗ ಹೇಟೆ ತಾನೇ ತಿನ್ನುತ್ತೆ. ಸುಟ್ಟ ಸುಣ್ಣ ಅಲ್ಲ, ಬಾಯಿ ಬೇಯುತ್ತೆ. ಮೇವಿಗೇ ಬೆರೆಸಿಟ್ಟು ಮರಿಗಳೂ ತಿಂದ್ರೆ ಅವುಗಳ ಮೂತ್ರಪಿಂಡ ಹಾಳು. ಇದರ ಮೇಲೆ ಪೂರ್ತಿ ವಿಡಿಯೋ ಇದೆ, ನಮ್ಮ ಚಾನೆಲ್ಲಿನಲ್ಲಿ ಪ್ಲೇಲಿಸ್ಟ್ ನೋಡಿ. ಇನ್ನೂ ಸಬ್‌ಸ್ಕ್ರೈಬ್ ಆಗಿಲ್ಲದವರು ಆಗಿ, ಬೆಲ್ ಒತ್ತಿ. ಕೋಳಿ ಬಗ್ಗೆ ಕನ್ನಡದಲ್ಲಿ ತೂಕ ಹಾಕಿ ಹೇಳೋರು ಕಮ್ಮಿ ಇದ್ದಾರೆ, ನಾವು ಹೇಳ್ತೀವಿ.

ಎಲ್ಲಕ್ಕಿಂತ ಹೊಟ್ಟೆ ಉರಿಯೋದು ಮರಿಗಳ ವಿಷಯದಲ್ಲಿ. ದೊಡ್ಡ ಹೇಟೆ ಹೇಗೋ ತಡ್ಕೊಳ್ಳುತ್ತೆ. ಹೂಮರಿ ತಡ್ಕೊಳ್ಳಲ್ಲ. ಅದಕ್ಕೆ ಬೇಕಾದದ್ದು ನೂರಕ್ಕೆ 20–22 ಪ್ರೋಟೀನ್, ನೀವು ಕೊಡೋದು ನೂರಕ್ಕೆ 8ರ ನುಚ್ಚು, ರವೆ! ದೀಪ ಹಾಕ್ತೀರಿ, ಮೊದಲ ವಾರ 35 ಡಿಗ್ರಿ ಕಾವು ಕೊಡ್ತೀರಿ, ಹೊಟ್ಟು ಹಾಸ್ತೀರಿ, ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗದ (ರಾಣಿಖೇತ್) ಲಸೋಟಾ ಲಸಿಕೆ ಕಣ್ಣಿಗೆ ಬಿಡಿಸ್ತೀರಿ, ಎಲ್ಲಾ ಸರಿ ಮಾಡ್ತೀರಿ. ಆಮೇಲೆ ತಟ್ಟೆಗೆ ರವೆ ಹಾಕ್ತೀರಿ. ಲಸಿಕೆ ಹಾಕಿದ ಮೇಲೆ ರೋಗ ತಡೆಯೋ ಶಕ್ತಿ ಮೈಯಲ್ಲೇ ಹುಟ್ಟಬೇಕು. ಅದು ಹುಟ್ಟೋದೂ ಪ್ರೋಟೀನಿನಿಂದ. ಮೊದಲ ಆರು ವಾರ ಚಿಕ್ ಸ್ಟಾರ್ಟರ್, ಅಂದ್ರೆ ಮರಿಗಳಿಗೆ ಅಂತಲೇ ಸಿಗೋ ಮೇವು ಕೊಡಿ. ಒಂದು ಮರಿಗೆ ಒಟ್ಟು ಒಂದು ಕಿಲೋ ಚಿಲ್ಲರೆ ಆಗುತ್ತೆ, ಅಷ್ಟೇ. ಆ ದುಡ್ಡು ಉಳಿಸೋಕೆ ಹೋಗಿ ಮರಿಯನ್ನೇ ಕಳ್ಕೊಳ್ತೀರಿ.

"ದುಬಾರಿ ಆಗುತ್ತೆ" ಅಂತೀರಾ? ಸತ್ತ ಮರಿ ದುಬಾರಿ. ಮೊಟ್ಟೆ ಇಡದೆ ದಿನಾ ನುಚ್ಚು ತಿನ್ನೋ ಹೇಟೆ ದುಬಾರಿ. ಹಿಂಡಿ ದುಬಾರಿ ಅಲ್ಲ. "ನಮ್ಮೂರಲ್ಲಿ ಎಲ್ಲರೂ ಹೀಗೇ ಹಾಕ್ತಾರೆ" ಅಂತೀರಾ? ಹಾಕ್ಲಿ, ಅವರ ಮರಿಗಳ ಬೆನ್ನೂ ನೋಡಿ ಬನ್ನಿ. ನುಚ್ಚು ಹಾಕಿ ಸ್ವಾಮಿ, ಬೇಡ ಅಂದವರು ಯಾರು? ಹಿಂಡಿ ಜೊತೆ ಹಾಕಿ. ಹಿಂಡಿ ಇಲ್ಲದ ನುಚ್ಚು ಮೇವಲ್ಲ, ಮೇವಲ್ಲ, ಮೇವಲ್ಲ.

ಆ ಕಾಮೆಂಟ್ ಹಾಕಿದ ಅಣ್ಣ, ನಿಮ್ಮ ಕೋಳಿಗಳ ಫೋಟೋ ಕಳಿಸಿ, ಬೆನ್ನು ಬಾಲ ಎರಡೂ ಕಾಣೋ ಹಾಗೆ. ದಿನಕ್ಕೆ ಏನೇನು, ಎಷ್ಟೆಷ್ಟು ಗ್ರಾಂ ಹಾಕ್ತೀರಿ ಅಂತಾನೂ ಬರೀರಿ. ಮುಂದಿನ ವಾರ ಗೂಡಿನ ವಿಡಿಯೋ ಶುರು ಮಾಡೋಕೆ ಮುಂಚೆ ನಿಮ್ಮ ಮೇವಿನ ಲೆಕ್ಕ ನಾನೇ ಕೂತು ಹಾಕಿಕೊಡ್ತೀನಿ.